ಸರ್ವರ್‌ಗೆ ಗಂಡನ ಹೆಸರಿಟ್ಟ ತಪ್ಪಿಗೆ

ನಮ್ಮ ಕಾಲೇಜಿನ ಸರ್ವರ್ ಡಬ್ಬಿಯನ್ನು ರಾಮದುರ್ಗದವರು ಒಯ್ಯಲಿದ್ದಾರೆಂಬ ಸುದ್ದಿ ನನಗೆ ಮುಟ್ಟಿದ್ದು ಚಹಾದಂಗಡಿಯವನಿಂದ. ಪ್ರಿನ್ಸಿಪಾಲರಿಗೆ ಗೊತ್ತಿತ್ತಂತೆ, ಕ್ಲರ್ಕಿಗೆ ಗೊತ್ತಿತ್ತಂತೆ, ಗೇಟಿನ ವಾಚಮನ್ನನಿಗೂ ಗೊತ್ತಿತ್ತಂತೆ. ಆ ಸರ್ವರ್ ಇರುವ ಲ್ಯಾಬಿನಲ್ಲಿ ದಿನಾ ಗಂಟಲು ಹರಿದುಕೊಳ್ಳುವ ನನಗೆ ಮಾತ್ರ ಯಾರೂ ಹೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಅರ್ಧ ಚಹಾ ಅಲ್ಲೇ ಬಿಟ್ಟು ನೇರ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ.

"ಮೇಡಂ, ಸಿಟ್ಟಾಗಬ್ಯಾಡ್ರಿ, ಕುಂತ್ಗೋರ್ರಿ," ಅಂದರು ಅವರು. "ಆ ಡಬ್ಬಿ ಬಂದು ವರ್ಷಾತು. ನೀವು ಅದರ ಮ್ಯಾಲೆ ಹಾಜರಿ ಪುಸ್ತಕ ಇಡತೀರಿ. ಲ್ಯಾಬ್ ಸಾಹೇಬ್ರು ನೀರಿನ ಬಾಟ್ಲಿ ಇಡತಾರ. ಆಯುಧ ಪೂಜಾಕ್ಕ ಒಂದ್ ಸಲ ಹಾರ ಹಾಕೇವಿ. ಅಷ್ಟ ಬಿಟ್ಟರ ಅದು ಏನ್ ಕೆಲಸ ಮಾಡೇತಿ, ನೀವ ಹೇಳ್ರಿ?"

ನಮ್ಮ ಸಂಸ್ಥೆಗೆ ಎರಡು ಡಿಪ್ಲೊಮಾ ಕಾಲೇಜು: ಒಂದು ಬೈಲಹೊಂಗಲದ ನಮ್ಮದು, ಇನ್ನೊಂದು ರಾಮದುರ್ಗದ್ದು. ಎರಡಕ್ಕೂ ಸೇರಿ ಒಂದೇ ಸರ್ವರ್ ಬಂದಿತ್ತು, ನಮ್ಮ ಅದೃಷ್ಟಕ್ಕೆ ನಮ್ಮಲ್ಲಿ ಇಳಿದಿತ್ತು. ಈಗ ಮುಂದಿನ ಗುರುವಾರದ ನಂತರದ ಗುರುವಾರ ಚೇರಮನ್ನರೂ ಕಮಿಟಿಯ ಹಿರಿಯ ಮೇಡಂ ಒಬ್ಬರೂ ಬರುವವರಿದ್ದರು. ಆ ದಿನ ಡಬ್ಬಿಯಿಂದ ಏನಾದರೂ ಕೆಲಸ ಮಾಡಿಸಿ ತೋರಿಸದಿದ್ದರೆ ಅದು ರಾಮದುರ್ಗಕ್ಕೆ. ಅದು ಹೋದರೆ ನಾನು ಆ ವರ್ಷವಷ್ಟೇ ಕಾಡಿಬೇಡಿ ಶುರು ಮಾಡಿಸಿದ, ಸರ್ವರ್ ನಡೆಸುವುದನ್ನು ಕಲಿಸುವ ಹೊಸ ವಿಷಯವೂ ಬಂದ್. ಮತ್ತೆ ಅಕ್ಷರ ದಪ್ಪ ಮಾಡುವುದು ಹೇಗೆ, ಅಡಿಗೆರೆ ಎಳೆಯುವುದು ಹೇಗೆ ಎಂದು ಕಲಿಸಬೇಕು. ಹನ್ನೊಂದು ವರ್ಷ ಅದನ್ನೇ ಕಲಿಸಿದ್ದೇನೆ. ಹನ್ನೆರಡನೇ ವರ್ಷವೂ ಅದೇ ಎಂದರೆ ನಾನು ಯಾರಿಗಾದರೂ ಕೀಬೋರ್ಡಿನಿಂದ ಹೊಡೆಯುವುದು ಖಂಡಿತವಿತ್ತು.

"ಕ್ಲಸ್ಟರ್ ಮಾಡಿ ತೋರಸ್ತೇನಿ," ಅಂದುಬಿಟ್ಟೆ.

"ಹಂಗಂದ್ರ ಏನ್ರಿ?"

ಬುತ್ತಿಯ ಲೆಕ್ಕದಲ್ಲಿ ಹೇಳಿದೆ. ಕಂಟೇನರ್ ಅಂದರೆ ಬುತ್ತಿ. ರೊಟ್ಟಿ, ಪಲ್ಯ, ಚಟ್ನಿ ಎಲ್ಲ ಒಂದೇ ಗಂಟು; ದೊಡವಾಡದಲ್ಲಿ ಬಿಚ್ಚಿದರೂ ಅದೇ ಊಟ, ಮನೋಳಿಯಲ್ಲಿ ಬಿಚ್ಚಿದರೂ ಅದೇ ಊಟ. ಕಂಪ್ಯೂಟರಿನ ಕೆಲಸವನ್ನೂ ಹಾಗೆ ಗಂಟು ಕಟ್ಟಿ ಯಾವ ಮಷಿನಿನಲ್ಲಿ ಬೇಕಾದರೂ ಬಿಚ್ಚಬಹುದು. ವರ್ಚುವಲ್ ಮಷಿನ್ ಅಂದರೆ ಒಂದೇ ಮನೆಗೆ ನಡುವೆ ಗೋಡೆ ಹಾಕಿ ಮೂರು ಸಂಸಾರ ಮಾಡಿದ ಹಾಗೆ. ಡಬ್ಬಿ ಒಂದೇ, ಒಳಗೆ ಮೂರು ಮಷಿನು. ಅವುಗಳಲ್ಲಿ ಒಂದು ಯಜಮಾನ. ಕಳೆ ತೆಗೆಯುವ ಆಳುಗಳ ಮೇಲೆ ಒಬ್ಬಾಕೆ ಬದುವಿನಲ್ಲಿ ನಿಂತು, ಒಬ್ಬಳು ಬರದಿದ್ದರೆ ಅವಳ ಸಾಲಿಗೆ ಇನ್ನೊಬ್ಬಳನ್ನು ಹಚ್ಚುತ್ತಾಳಲ್ಲ, ಹಾಗೆ ಈ ಯಜಮಾನ ಮಷಿನು ಉಳಿದೆರಡಕ್ಕೆ ಕೆಲಸ ಹಂಚುತ್ತದೆ. ಒಂದು ಬಿದ್ದರೆ ಅದರ ಕೆಲಸ ಇನ್ನೊಂದಕ್ಕೆ. ಈ ಮೂರೂ ಸೇರಿದ್ದು ಕ್ಲಸ್ಟರ್.

ಪ್ರಿನ್ಸಿಪಾಲರು ಗಡಿಯಾರ ನೋಡಿ, "ಊಟದ ಹೊತ್ತಿನ್ಯಾಗ ಬುತ್ತಿ ಮಾತ ಯಾಕ ತಗದ್ರಿ," ಅಂದರು. ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡು ಹೊರಬಂದೆ.

ನನಗೆ ಜೊತೆಯಾದವರು ಲ್ಯಾಬ್ ಸಾಹೇಬರು. ಅವರು ನಮ್ಮ ಲ್ಯಾಬಿನ ಇನ್‌ಸ್ಟ್ರಕ್ಟರ್, ಸವದತ್ತಿ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಮೊದಲು ರೇಡಿಯೋ, ಆಮೇಲೆ ಟಿವಿ ರಿಪೇರಿ ಮಾಡಿ ಕಡೆಗೆ ಕಂಪ್ಯೂಟರಿಗೆ ಬಂದವರು. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾರೆ, ಆದರೆ ಒಮ್ಮೆ ಒತ್ತಿದ ಕೀಲಿ ಅವರಿಗೆ ಹೆದರಿ ತಪ್ಪು ಅಕ್ಷರ ಮೂಡಿಸುವುದಿಲ್ಲ. ನನ್ನನ್ನು 'ಮೇಡಂ' ಅನ್ನದೆ 'ಬಾಯಾರ' ಎಂದು ಕರೆಯುತ್ತಾರೆ.

ಡಬ್ಬಿಯ ಮೇಲಿನ ಬಾಟಲಿ, ಪುಸ್ತಕ, ಒಣಗಿದ ಹಾರ ತೆಗೆದು ಮೊದಲ ವರ್ಚುವಲ್ ಮಷಿನು ಮಾಡಲು ಕೂತೆವು. ಪರದೆ ಕೇಳಿತು: ಈ ಮಷಿನಿಗೆ ಹೆಸರೇನು?

ಇಲ್ಲೇ ನಾನು ಎಡವಿದ್ದು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಹಾಕಬೇಕು, ಅಂದರೆ ನಾಲ್ಕು ಸಾಲಿನ ಪದ್ಯ ಕಟ್ಟಿ ಅದರ ಕೊನೆಗೆ ಹೆಸರನ್ನು ತೂರಿಸಬೇಕು. ಮದುವೆಯ ದಿನ ಹೊಸ್ತಿಲಲ್ಲಿ ನಾದಿನಿ ಅಡ್ಡ ನಿಂತು ನನ್ನಿಂದಲೂ ಒಡಪು ಹೇಳಿಸಿದ್ದಳು. ಆದರೆ ಅದೇ ಗಳಿಗೆಗೆ ಬ್ಯಾಂಡಿನವರು ಶುರು ಹಚ್ಚಿಕೊಂಡು ಯಾರಿಗೂ ಏನೂ ಕೇಳಿಸಲಿಲ್ಲ. ಆಮೇಲಿನ ಹದಿಮೂರು ವರ್ಷ 'ರೀ', 'ಅವರು', 'ನಮ್ಮನಿಯವರು' ಇಷ್ಟರಲ್ಲೇ ಸಂಸಾರ ಸಾಗಿದೆ. ಎಂಟೆಕ್ ಮಾಡಿದ್ದೇನೆ, ಇದನ್ನೆಲ್ಲ ನಂಬುವುದಿಲ್ಲ, ಬೇರೆಯವರಿಗೆ ಬುದ್ಧಿಯನ್ನೂ ಹೇಳಿದ್ದೇನೆ. ಆದರೆ ನನ್ನ ಸರದಿ ಬಂದಾಗ ನಾಲಿಗೆ ಹೊರಳುವುದೇ ಇಲ್ಲ.

ಬರೆಯಲು ಮಾತ್ರ ಅಡ್ಡಿಯಿಲ್ಲ. ರೇಷನ್ ಕಾರ್ಡಿನ ಅರ್ಜಿಯಲ್ಲಿ, ಬ್ಯಾಂಕಿನಲ್ಲಿ ಎಷ್ಟು ಸಲ ಬರೆದಿಲ್ಲ? ಯಜಮಾನ ಮಷಿನಿಗೆ ಹೆಸರು ಬೇಕು ಎಂದಾಗ ಕೈ ತಾನಾಗಿಯೇ ನಮ್ಮ ಯಜಮಾನರ ಹೆಸರು ಟೈಪ್ ಮಾಡಿತು. ಒಳಗೊಳಗೇ ಖುಷಿಯೂ ಆಯಿತೆನ್ನಿ. ಇನ್ನು ದಿನಕ್ಕೆ ನೂರು ಸಲ ಅವರಿಗೆ ಆಜ್ಞೆ ಮಾಡಬಹುದು: ಏಳು, ಕೂಡು, ನಿಲ್ಲು. ಅವರು ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವರು, ಮನೆಯಲ್ಲಿ ಒಂದು ಮಾತಿಗೂ ಜಪ್ಪಯ್ಯ ಅನ್ನುವುದಿಲ್ಲ.

ಮೊದಲ ದಿನವೇ ಎಡವಟ್ಟು. ಮೂರು ಮಷಿನು ಬೇರೆ ಬೇರೆ ಮಾಡುವ ಬದಲು ಒಂದನ್ನು ಮಾಡಿ ಇನ್ನೆರಡನ್ನು ಅದರಿಂದ ನಕಲು ತೆಗೆದೆ. ಸಾಹೇಬರು ಕನ್ನಡಕ ಏರಿಸಿ ಪರದೆ ನೋಡಿ, ತಲೆ ತುರಿಸಿಕೊಂಡರು.

"ಬಾಯಾರ, ಒಂದ್ ಮಾತ ಕೇಳಲ್ಯಾ? ಮೂರೂ ಅವರ ಅದಾರಲ್ರಿ?"

ಖರೆ! ನಕಲಿನ ಜೊತೆ ಹೆಸರೂ ನಕಲಾಗಿತ್ತು. ಮೂರು ಮಂದಿ ಗಂಡಂದಿರು ಸಾಲಾಗಿ ಕೂತಿದ್ದರು, ಕೆಲಸಕ್ಕೆ ಒಬ್ಬರೂ ಇಲ್ಲ. ಕ್ಲಸ್ಟರೂ ಗೊಂದಲಕ್ಕೆ ಬಿದ್ದು, ಎರಡನೆಯವರು ಬಂದಾಗ ಮೊದಲಿನವರೇ ಹೊರಗೆ ಹೋಗಿ ಬಂದರೆಂದು ತಿಳಿದು ಒಬ್ಬರನ್ನೇ ಎಣಿಸುತ್ತಿತ್ತು. ಒಬ್ಬರನ್ನು ಸಂಭಾಳಿಸುವುದೇ ನನಗೆ ಸಾಕುಸಾಕಾಗಿದೆ. ನಕಲುಗಳ ಹೆಸರು ತಕ್ಷಣ ಬದಲಿಸಿದೆ: ಒಂದಕ್ಕೆ ಅತ್ತಿ, ಇನ್ನೊಂದಕ್ಕೆ ನಾದಿನಿ.

ಮೂರನೇ ದಿನಕ್ಕೆ ಕ್ಲಸ್ಟರ್ ಕೂಡಿತು. ಅದರ ಮೇಲೆ ಹಾಕಲು ನಾವು ಮಾಡಿದ ಕೆಲಸ ಬಸ್ಸಿನ ಹೊತ್ತಿನ ಪುಟ. ಕಿತ್ತೂರು, ದೊಡವಾಡ, ಸವದತ್ತಿ, ರಾಮದುರ್ಗದ ಬಸ್ಸು ಎಷ್ಟು ಹೊತ್ತಿಗೆ ಎಂದು ಹುಡುಗರು ಮೊಬೈಲಿನಲ್ಲೇ ನೋಡಿಕೊಳ್ಳಬಹುದು. ಪಾಠದ ನಡುವೆ 'ಮೇಡಂ, ನಮ್ಮ ಬಸ್ಸು' ಎಂದು ಎದ್ದು ಓಡುವವರಿಗೆ ಇದಕ್ಕಿಂತ ಉಪಕಾರ ಬೇರೊಂದಿಲ್ಲ. ಪುಟದ ಕೆಲಸವೆಲ್ಲ ಅತ್ತಿ ಮತ್ತು ನಾದಿನಿಯ ತಲೆಯ ಮೇಲೆ ಹೋಗಿ ಕೂತಿತು. ಯಜಮಾನನ ಪಾಲಿಗೆ ಒಂದೂ ಬರಲಿಲ್ಲ.

"ಅವರು ಏನೂ ಮಾಡವಲ್ಲರಲ್ರಿ ಬಾಯಾರ. ಕೆಟ್ಟಾರೇನ?" ಸಾಹೇಬರು ಕೇಳಿದರು.

"ಕೆಟ್ಟಿಲ್ಲ ಸಾಹೇಬ್ರ. ಅದರ ರೀತಿನ ಹಂಗ. ಯಜಮಾನ ಹೇಳೂದಷ್ಟ, ಮಾಡೂದಿಲ್ಲ."

"ಯಾವ ಊರಾಗ ತಯಾರ ಮಾಡ್ಯಾರ್ರಿ ಇದನ್ನ? ನಮ್ಮ ಕಡೆದವರ ಇರಬೇಕು," ಅಂದರು.

ಆ ದಿನಗಳಲ್ಲಿ ಲ್ಯಾಬಿನ ಭಾಷೆಯೇ ಬೇರೆ ಆಗಿಹೋಯಿತು. "ಅವರನ್ನ ಎಬ್ಬಸ್ರಿ." "ಅವರು ಇನ್ನೂ ರೆಡಿ ಇಲ್ರಿ." "ಅತ್ತಿಗೆ ಭಾಳ ಭಾರ ಆಗೇತಿ, ನಾದಿನಿ ಕಡೆ ಸ್ವಲ್ಪ ಹಚ್ಚೂಣು." ನಾನು 'ಅವರು' ಅಂದರೆ ಸಾಹೇಬರಿಗೆ ತಿಳಿಯುತ್ತಿತ್ತು, ಹೀಗಾಗಿ ಹೆಸರು ಹೇಳುವ ಪ್ರಸಂಗವೇ ಬರಲಿಲ್ಲ. ಕಮಿಟಿಯ ಮುಂದೆ ಹೆಸರು ಹೇಳಬೇಕಾಗಿ ಬಂದರೆ ಏನು ಗತಿ ಎಂಬ ಚಿಂತೆ ನನಗೆ ಹತ್ತಿದ್ದು ಬುಧವಾರ ಮಧ್ಯಾಹ್ನ. ಹೆಸರು ಬದಲಿಸೋಣವೆಂದರೆ ಮಷಿನುಗಳು ಒಂದನ್ನೊಂದು ಗುರುತಿಸುವ ಎಲ್ಲ ಪ್ರಮಾಣಪತ್ರಗಳೂ ಯಜಮಾನ ಮಷಿನಿನ ಹೆಸರಿಗೇ ಗಂಟು ಬಿದ್ದಿರುತ್ತವೆ; ಅದನ್ನು ಬದಲಿಸುವುದೆಂದರೆ ಮೂರೂ ಮಷಿನು ಕಿತ್ತು ಮತ್ತೆ ಮೊದಲಿಂದ ಕಟ್ಟುವುದು. ಹೋಗಲಿ, ಟೈಪ್ ಮಾಡುವವಳು ನಾನೇ ತಾನೆ, ಬಾಯಿ ಬಿಡುವ ಅಗತ್ಯವೇನು ಎಂದುಕೊಂಡು ಸುಮ್ಮನಾದೆ.

ಗುರುವಾರ ಹತ್ತೂವರೆಗೆ ಗೇಟಿನೊಳಗೆ ಮೊದಲು ಬಂದದ್ದು ಕಮಿಟಿಯಲ್ಲ, ಒಂದು ಟೆಂಪೋ. ಅದರಿಂದ ರಾಮದುರ್ಗದ ಪ್ರಿನ್ಸಿಪಾಲರು ಇಳಿದರು. ಹಿಂದೆ ಇಬ್ಬರು ಹಮಾಲರು, ಒಂದು ಹಗ್ಗದ ಸುರುಳಿ, ಡಬ್ಬಿಗೆ ಪೆಟ್ಟಾಗದಂತೆ ಸುತ್ತಲು ಮನೆಯಿಂದ ತಂದ ಬಣ್ಣಬಣ್ಣದ ಕೌದಿ. ಕನ್ಯೆ ನೋಡಲು ಬಂದವರು ಅಂದೇ ಅವಳನ್ನು ಕರೆದುಕೊಂಡು ಹೋಗುವ ತಯಾರಿ!

"ಅಲ್ಲರೀ ಸರ್, ಇನ್ನೂ ತೀರ್ಮಾನ ಆಗಿಲ್ಲ," ಅಂದೆ, ಹಲ್ಲು ಕಚ್ಚಿ.

"ಆಗಲಿ ಬಿಡ್ರಿ ಮೇಡಂ. ಟೆಂಪೋ ಹೆಂಗೂ ಈ ಕಡೆ ಬರೂದಿತ್ತು," ಅಂದರು. ಕೌದಿಯೂ ಹೆಂಗೂ ಈ ಕಡೆ ಬರೂದಿತ್ತೇನೋ.

ಹನ್ನೊಂದಕ್ಕೆ ಚೇರಮನ್ನರೂ ಕಮಿಟಿಯ ಮೇಡಮ್ಮರೂ ಬಂದರು. ಮೇಡಂ ಕಿತ್ತೂರಿನವರು, ನಿವೃತ್ತ ಹೆಡ್‌ಮಾಸ್ತರಿಣಿ. ಅವರು ಕನ್ನಡಕದ ಮೇಲಿಂದ ನೋಡಿದರೆ ಚೇರಮನ್ನರೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ನಾನು ಕಂಪ್ಯೂಟರಿನ ಮುಂದೆ ಕೂರಬೇಕು, ಅಷ್ಟರಲ್ಲಿ ಮೇಡಂ ಕೈ ಎತ್ತಿದರು.

"ನೀವು ಕೂಡಬ್ಯಾಡ್ರಿ. ನಾಳೆ ನೀವು ರಜಾ ಹಾಕಿದ್ರ ಇದನ್ನ ಯಾರ ನಡಸ್ತಾರ? ಲ್ಯಾಬಿನವರು ಕುಂತು ಮಾಡಲಿ. ನೀವು ಕೈ ಕಟ್ಟಿ ನಿಂತು ಬಾಯಿಲೆ ಅಷ್ಟ ಹೇಳ್ರಿ."

ಸಾಹೇಬರು ಕೂತರು, ಎರಡು ಬೆರಳು ಸಿದ್ಧ ಮಾಡಿಕೊಂಡರು.

"ಸಾಹೇಬ್ರ, ಮೊದಲ ಅವರ ಒಳಗ ಹೋಗ್ರಿ," ಅಂದೆ.

"ಅವರು ಅಂದ್ರ ಯಾರು?" ಚೇರಮನ್ನರು ಪೆನ್ನು ತೆಗೆದರು. "ವರದಿ ಬರೀಬೇಕು. ಮಷಿನಿಗೆ ಹೆಸರ ಇಲ್ಲೇನು?"

"ಐತ್ರಿ."

"ಏನು?"

"ಯಜಮಾನ ಮಷಿನ್ರಿ."

"ಅದು ಹುದ್ದೆ ಆತು. ಹೆಸರ ಹೇಳ್ರಿ."

"ಅದ ರಿ... ಮೊದಲನೇದು... ದೊಡ್ಡದು."

ರಾಮದುರ್ಗದ ಪ್ರಿನ್ಸಿಪಾಲರು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, "ಅವರಿಗೆ ತಮ್ಮ ಮಷಿನಿನ ಹೆಸರ ಗೊತ್ತಿದ್ದಂಗಿಲ್ಲ ಬಿಡ್ರಿ. ವರ್ಷದಿಂದ ಚಾಲೂನ ಮಾಡಿಲ್ಲಲಾ," ಅಂದರು. ಬಾಗಿಲಲ್ಲಿ ಹಮಾಲನೊಬ್ಬ ಕೌದಿ ಬಿಚ್ಚಲು ಶುರು ಮಾಡಿದ.

ನನಗೆ ಆ ಕೌದಿ ನೋಡಿ ಮೈ ಉರಿಯಿತು, ಕಣ್ಣಲ್ಲಿ ನೀರೂ ಬಂತು. ಸಾಹೇಬರು ನನ್ನ ಮುಖ ನೋಡಿ ತಡೆಯಲಾರದೆ ಹೇಳಿಬಿಟ್ಟರು: "ಮೇಡಂರ, ತಪ್ಪ ತಿಳೀಬ್ಯಾಡ್ರಿ. ಅದಕ್ಕ ಬಾಯಾರ ಮನಿಯವರ ಹೆಸರ ಇಟ್ಟೇತ್ರಿ. ಬಾಯಾರು ಬಾಯಿಲೆ ಹೆಂಗ ಹೇಳಬೇಕು?"

ಕಿತ್ತೂರಿನ ಮೇಡಂ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಕುರ್ಚಿಯನ್ನು ಮುಂದೆ ಎಳೆದುಕೊಂಡರು.

"ಅಯ್ಯ ನಮ್ಮವ್ವ! ಅಷ್ಟಕ್ಕ ಅಳತೀಯೇನ? ಒಡಪ ಹಾಕು. ಹೆಸರ ಕೇಳದ ನಾ ಇಲ್ಲಿಂದ ಏಳಾಕಿ ಅಲ್ಲ."

'ನೀವು' ಹೋಗಿ 'ನೀನು' ಬಂದದ್ದು ಕೇಳಿ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಸೆರಗು ಸರಿಮಾಡಿಕೊಂಡೆ. ಮದುವೆಯ ದಿನದ ಹಳೆಯ ಒಡಪು ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನು ಕಟ್ಟಿದೆ:

"ನವಿಲುತೀರ್ಥದ ಕಟ್ಟಿ ಒಳಗ ಮಲಪ್ರಭಾ ನೀರು,
ಒಂದ ಡಬ್ಬಿ ಒಳಗ ಮಷಿನ ಅದಾವ ಮೂರು,
ದುಡಿಯಾಕ ಅತ್ತಿ ನಾದಿನಿ, ಹೇಳಾಕ ಇವರು,
ಕೇಳ್ರಿ ಎಲ್ಲಾರೂ..."

ಆಮೇಲೆ ಹೆಸರು ಬಂತು, "ಅಂತ ನಮ್ಮನಿಯವರ ಹೆಸರು!" ಇಲ್ಲಿ ಬರೆಯುತ್ತಿಲ್ಲ. ಬರೆಯಲು ಅಡ್ಡಿಯಿಲ್ಲ ನಿಜ, ಆದರೆ ಇದನ್ನು ಯಾರಾದರೂ ನಮ್ಮ ಅತ್ತೆಗೆ ಓದಿ ಹೇಳದೆ ಬಿಡುವುದಿಲ್ಲ.

ಏನು ಚಪ್ಪಾಳೆ, ಏನು ನಗೆ! ಚೇರಮನ್ನರು ಪೆನ್ನು ಬೀಳಿಸಿಕೊಂಡರು. ಪಕ್ಕದ ಕ್ಲಾಸಿನ ಹುಡುಗಿಯರು ಕಿಟಕಿಯಲ್ಲಿ ನೇತಾಡಿದರು. ಸಾಹೇಬರು ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಹೆಸರು ಟೈಪ್ ಮಾಡಿ 'ಅವರ' ಒಳಗೆ ಹೋದರು. ಪಟ್ಟಿ ಮೂಡಿತು: ಯಜಮಾನ ರೆಡಿ, ಅತ್ತಿ ರೆಡಿ, ನಾದಿನಿ ರೆಡಿ. ಎಲ್ಲರ ಮೊಬೈಲಿನಲ್ಲೂ ಬಸ್ಸಿನ ಹೊತ್ತು ಬಂದಿತ್ತು.

"ಈಗ ಅತ್ತೀನ್ನ ಬಂದ್ ಮಾಡ್ತೇವ್ರಿ," ಅಂದೆ. "ಒಬ್ಬರು ಬಿದ್ದರ ಕೆಲಸ ನಿಲ್ಲೂದಿಲ್ಲ ಅನ್ನೂದು ತೋರಸಾಕ. ಮಾಡ್ರಿ ಸಾಹೇಬ್ರ."

"ಹಿರಿಯರನ್ನ ಬಂದ್ ಮಾಡೂದು ಒಂಥರಾ ಅನಸ್ತೈತ್ರಿ," ಎನ್ನುತ್ತ ಸಾಹೇಬರು ಬಂದ್ ಮಾಡುವ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದರು.

ಪರದೆ ಕಪ್ಪಾಯಿತು. ನಾನು ಪರದೆಯ ಮೂಲೆ ನೋಡಿದೆ, ಅಲ್ಲಿ 'ಅವರ' ಹೆಸರೇ ಇತ್ತು. ನಗುವಿನ ಭರದಲ್ಲಿ ಸಾಹೇಬರು ಪರದೆಯ ಮೇಲಿನ ಅತ್ತಿಯ ಕಿಟಕಿಗೆ ಹೋಗಿರಲೇ ಇಲ್ಲ. 'ಅವರ' ಒಳಗೇ ಕೂತು 'ಅವರನ್ನೇ' ಬಂದ್ ಮಾಡಿದ್ದರು. ಈ ಕಸುಬಿನವರೆಲ್ಲ ಜನ್ಮದಲ್ಲಿ ಒಮ್ಮೆಯಾದರೂ ಮಾಡುವ ತಪ್ಪು. ನಮ್ಮದು ಕಮಿಟಿಯ ಎದುರಿಗೇ ಆಯಿತು.

ರಾಮದುರ್ಗದ ಪ್ರಿನ್ಸಿಪಾಲರು ಕುರ್ಚಿಯಿಂದ ಜಿಗಿದೆದ್ದರು. "ಯಜಮಾನ ಮಷಿನ ಬಂದ್ ಆತು! ನಾ ನೋಡೇನಿ! ಅತ್ತಿ ಅಲ್ಲ, ಯಜಮಾನ! ಮುಗೀತಲ್ರಿ ಇನ್ನ, ಕಟ್ರಿ ಕೌದಿ!"

ಸುಳ್ಳು ಹೇಳಬಹುದಿತ್ತು. ಇದೂ ಪ್ರಯೋಗದ ಭಾಗವೇ ಎಂದರೆ ನಂಬುತ್ತಿದ್ದರು. ಆದರೆ ಆ ಮೇಡಮ್ಮರ ಎದುರು ಆಗಲಿಲ್ಲ. "ಖರೇನ ಐತ್ರಿ," ಅಂದೆ. "ಬಂದ್ ಆಗಬೇಕಾದಾಕಿ ಅತ್ತಿ, ಬಂದ್ ಆದವರು ಅವರು. ನಮ್ಮ ತಪ್ಪು."

ಮೇಡಂ ತಮ್ಮ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಪುಟವನ್ನು ಮತ್ತೊಮ್ಮೆ ಎಳೆದರು. ಇನ್ನೊಮ್ಮೆ ಎಳೆದರು.

"ಹಂಗಾರ ಇದು ಹೆಂಗ ಬರಾಕತ್ತೈತಿ? ಕಿತ್ತೂರ ಬಸ್ಸು ಎರಡು ಹತ್ತಕ್ಕ. ರಾಮದುರ್ಗ ಬಸ್ಸು ಮೂರು ನಲವತ್ತಕ್ಕ."

ಎಲ್ಲರೂ ತಮ್ಮ ತಮ್ಮ ಮೊಬೈಲು ನೋಡಿದರು. ಪುಟ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅಲ್ಲಿಯವರೆಗೆ ನನಗೂ ಗಾಬರಿಯಲ್ಲಿ ಮರೆತಿತ್ತು.

"ಅತ್ತಿ, ನಾದಿನಿ ಇನ್ನೂ ಚಾಲೂ ಅದಾರಲ್ರಿ," ಅಂದೆ. "ಕೈಯಾಗಿನ ಕೆಲಸ ಅವರು ಬಿಡೂದಿಲ್ಲ. ಹೊಸಾ ಕೆಲಸ ಹಚ್ಚಾಕ, ಯಾರರೆ ಬಿದ್ದರ ಇನ್ನೊಬ್ಬರನ್ನ ನಿಲ್ಲಸಾಕ ಅಷ್ಟ ಯಜಮಾನ ಬೇಕು. ಸ್ವಲ್ಪ ಹೊತ್ತು ಅವರು ಮಲಕೊಂಡ್ರ ಮನಿ ನಿಲ್ಲೂದಿಲ್ರಿ."

ಕಿತ್ತೂರಿನ ಮೇಡಂ ನಕ್ಕಿದ್ದು ಹೇಗೆಂದರೆ, ಕುರ್ಚಿಯ ಕೈ ಹಿಡಿದುಕೊಳ್ಳಬೇಕಾಯಿತು. "ನಮ್ಮ ಮನ್ಯಾಗ ನಲವತ್ತ ವರ್ಷದಿಂದ ಇದ ನಡದೈತಿ! ಇದಕ್ಕ ಕ್ಲಸ್ಟರ್ ಅಂತಾರಂತ ನನಗ ಗೊತ್ತಿರಲಿಲ್ಲ!"

ಆಮೇಲೆ 'ಅವರನ್ನು' ಎಬ್ಬಿಸಿದೆವು. ಈ ಸಲ ಸರಿಯಾದ ಕಿಟಕಿಯಲ್ಲಿ ಅತ್ತಿಯನ್ನೇ ಬಂದ್ ಮಾಡಿದೆವು. ಒಬ್ಬರು ನಿಜಕ್ಕೂ ಹೋದರು ಎಂದು ನಂಬಲು ಕ್ಲಸ್ಟರಿಗೆ ಐದು ನಿಮಿಷ ಬೇಕು. ಅಷ್ಟರಲ್ಲಿ ಚುರಮುರಿ, ಚಹಾ ಆಯಿತು. ಚಹಾ ಮುಗಿಯುವ ಹೊತ್ತಿಗೆ ಅತ್ತಿಯ ಕೆಲಸವೆಲ್ಲ ನಾದಿನಿಯ ತಲೆಗೆ ಬಂದಿತ್ತು, ಪುಟ ಒಂದು ಕ್ಷಣವೂ ನಿಂತಿರಲಿಲ್ಲ. ಚೇರಮನ್ನರು ಅಲ್ಲೇ ವರದಿಗೆ ಸಹಿ ಮಾಡಿದರು: ಸರ್ವರ್ ಬೈಲಹೊಂಗಲದಲ್ಲೇ ಇರತಕ್ಕದ್ದು, ಹೊಸ ವಿಷಯ ಮುಂದುವರಿಯತಕ್ಕದ್ದು. ರಾಮದುರ್ಗದ ಪ್ರಿನ್ಸಿಪಾಲರು ಎಷ್ಟು ಬೇಗ ಟೆಂಪೋ ಹತ್ತಿದರೆಂದರೆ ಕೌದಿ ನಮ್ಮಲ್ಲೇ ಉಳಿಯಿತು. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಈಗ ಅದು ಲ್ಯಾಬ್ ಬಂದ್ ಇದ್ದಾಗ ಕಿಟಕಿಯ ಧೂಳಿಗೆ ಅಡ್ಡ ಕಟ್ಟಲು ಬಹಳ ಅನುಕೂಲವಾಗಿದೆ.

ಸಂಜೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಗುಡಿಗೆ ಹೊರಟು ಬಾಗಿಲಲ್ಲೇ ನಿಂತಿದ್ದರು.

"ಅಲ್ಲವಾ, ನನ್ನ ಬಂದ್ ಮಾಡಾಕ ಮಷಿನ ಮಾಡಿಯಂತ?"

"ಅತ್ತಿ, ಬಂದ್ ಮಾಡಿದ್ರೂ ನೀವು ಮತ್ತ ಚಾಲೂ ಆಗೀರಿ. ಪೂರಾ ಕೆಲಸ ನಿಮ್ಮ ಮ್ಯಾಲೇನ ನಡದೈತಿ."

"ಹಾಂ. ಅದು ಖರೆ," ಎಂದು ಎಣ್ಣೆಯ ಬಟ್ಟಲು ಹಿಡಿದು ಹೋದರು.

ಒಳಗೆ ನಮ್ಮನೆಯವರು ಅಂಗಡಿಯಿಂದ ಬೇಗನೇ ಬಂದು ಕೂತಿದ್ದರು. ಬೆರಳುಗಳಿಗೆ ಇನ್ನೂ ವಾರ್ನಿಶ್ ಅಂಟಿತ್ತು. ನಾನು ಸರ್ವರ್ ಉಳಿದ ಸುದ್ದಿ ಹೇಳಿದೆ, ಅವರು ತಲೆ ಆಡಿಸಿದರು. ಟೆಂಪೋದ ಸುದ್ದಿ ಹೇಳಿದೆ, ಸ್ವಲ್ಪ ನಕ್ಕರು. ಅವರನ್ನೇ ಬಂದ್ ಮಾಡಿದ ಸುದ್ದಿ ಹೇಳಿದೆ, ಸಿಟ್ಟಾಗಲಿಲ್ಲ. ಏನೋ ಮನಸ್ಸಿನಲ್ಲಿಟ್ಟುಕೊಂಡು ಕೂತಿದ್ದರು.

"ಏನಾತ್ರಿ?" ಕೇಳಿದೆ.

"ಏನಿಲ್ಲ," ಅಂದರು. ಆಮೇಲೆ ವಾರ್ನಿಶ್ ಕೆರೆಯುತ್ತ, ನೆಲ ನೋಡುತ್ತ ಹೇಳಿದರು: "ಮದವಿ ದಿನಾ ಬ್ಯಾಂಡಿನ ಗದ್ದಲದಾಗ ನನಗ ಕೇಳಲಿಲ್ಲ. ಇವತ್ತ ಕಿತ್ತೂರವರು ಕೇಳ್ಯಾರ, ರಾಮದುರ್ಗದವರು ಕೇಳ್ಯಾರ, ಹಮಾಲ್ರು ಸೈತ ಕೇಳ್ಯಾರ. ನಾ ಒಬ್ಬನ ಅಂಗಡ್ಯಾಗ ಮೋಟಾರ ಸುತ್ತಕೋತ ಕುಂತಿದ್ದೆ."

ಹದಿಮೂರು ವರ್ಷ ಈ ಮನುಷ್ಯ ಅದಕ್ಕಾಗಿ ಕಾಯುತ್ತಿದ್ದರೆಂದು ನನಗೇನು ಗೊತ್ತು? ಒಮ್ಮೆಯಾದರೂ ಬಾಯಿ ಬಿಟ್ಟು ಕೇಳಬಾರದಿತ್ತೆ? ಬಾಗಿಲ ಕಡೆ ನೋಡಿದೆ. ಅತ್ತೆ ಇರಲಿಲ್ಲ. ಒಡಪು ಕಟ್ಟಲಿಲ್ಲ, ಕಮಿಟಿಯೂ ಇರಲಿಲ್ಲ. ಬರೀ ಹೆಸರು ಹಿಡಿದು ಕರೆದೆ.

ಅವರು ತಲೆ ಎತ್ತಲಿಲ್ಲ. ದೂರದ ಹೊಲದಿಂದ ಯಾರೋ ಕರೆದಂತೆ, ಬಹಳ ಗಟ್ಟಿಯಾಗಿ, "ಓ" ಅಂದರು.